ಮನೆಯಲ್ಲೇ ಕಟ್ಟಿದ ಹಾಯಿದೋಣಿಗೆ ಬ್ಯಾಟರಿ ಕೂರಿಸುವ ಬಗೆ: ಲೆಕ್ಕದಿಂದ ಲಗ್ ತನಕ

ಮಲ್ಪೆ ಅಳಿವೆಯ ಹೊರಗೆ ಸಂಜೆ ಆರೂವರೆ ಹೊತ್ತಿಗೆ ಗಾಳಿ ಪೂರ್ತಿ ನಿಂತಿತು. ಸೇಂಟ್ ಮೇರೀಸ್ ದ್ವೀಪದ ಕಡೆಯಿಂದ ವಾಪಸ್ ಬರುತ್ತಿದ್ದೆವು. ಹಾಯಿ ಇಳಿಸಿ ಎಲೆಕ್ಟ್ರಿಕ್ ಮೋಟಾರ್ ಚಾಲೂ ಮಾಡಿದೆ. ಹತ್ತು ನಿಮಿಷ ಚೆನ್ನಾಗಿ ಓಡಿತು. ಆಮೇಲೆ ನಿಂತಿತು. ಸೀಟಿನ ಹಲಗೆ ಎತ್ತಿದರೆ ಸುಟ್ಟ ಪ್ಲಾಸ್ಟಿಕ್ ವಾಸನೆ. ಕತ್ತಲಾಗುತ್ತಿತ್ತು, ಇಳಿತದ ನೀರು ನಮ್ಮನ್ನು ಹೊರಗೆ ಎಳೆಯುತ್ತಿತ್ತು. ಆ ದಾರಿಯಲ್ಲಿ ಬಂದ ಒಂದು ಟ್ರಾಲ್ ಬೋಟಿನವರು ಹಗ್ಗ ಎಸೆದು ನಮ್ಮನ್ನು ಧಕ್ಕೆ (ಬೋಟು ಕಟ್ಟುವ ಕಟ್ಟೆ) ತನಕ ಎಳೆದು ತಂದರು.

ಮರುದಿನ ಎಲ್ಲ ಬಿಚ್ಚಿ ನೋಡಿದೆ. ಬ್ಯಾಟರಿ ಸರಿ ಇತ್ತು, ಅರ್ಧಕ್ಕಿಂತ ಜಾಸ್ತಿ ಚಾರ್ಜೂ ಇತ್ತು. ಮೋಟಾರ್ ಕೂಡ ಸರಿ ಇತ್ತು. ಕೆಟ್ಟಿದ್ದು ಒಂದು ಲಗ್, ಅಂದರೆ ಬೋಲ್ಟಿಗೆ ಸಿಕ್ಕಿಸಲು ವಯರಿನ ತುದಿಗೆ ಒತ್ತಿ ಕೂರಿಸುವ ಲೋಹದ ಕೊಳವೆ. ಅದನ್ನು ನಾನೇ ಸುತ್ತಿಗೆಯಿಂದ ಬಡಿದು ಕೂರಿಸಿದ್ದೆ. ಬ್ಲೇಡಿನಿಂದ ವಯರಿನ ಸಿಪ್ಪೆ ಸೀಳುತ್ತಾ ಹೋದೆ. ತುದಿಯಲ್ಲಿ ಹಸಿರು ಕಿಲುಬು. ಅದರ ಹಿಂದೆ ತಾಮ್ರದ ಎಳೆಗಳು ಕಪ್ಪಗೆ. ಒಂದು ಗೇಣು ಸೀಳಿದರೂ ಕಪ್ಪು, ಇನ್ನೊಂದು ಗೇಣು ಹೋದರೂ ಕಪ್ಪು. ಬೆರಳಲ್ಲಿ ಉಜ್ಜಿದರೆ ಒಲೆಯ ಮಸಿಯ ಹಾಗೆ ಪುಡಿ ಅಂಟುತ್ತಿತ್ತು. ಎಂಟು ತಿಂಗಳ ಹಿಂದಷ್ಟೇ ಹಾಕಿದ ಹೊಸ ವಯರ್ ಅದು.

ಇದು ಎಲ್ಲ ದೋಣಿಗೂ ಆಗುವಂಥದ್ದೇ. ಹೊಸದಾಗಿ ದೋಣಿ ಕಟ್ಟುವವರು ಸಿಕ್ಕಿದಾಗಲೆಲ್ಲ ಯಾವ ಕಂಪನಿ ಬ್ಯಾಟರಿ ಅಂತ ಕೇಳುತ್ತಾರೆ. ಲಗ್ ಬಗ್ಗೆ ಯಾರೂ ಕೇಳುವುದಿಲ್ಲ. ನಮ್ಮ ಉಪ್ಪುಗಾಳಿಗೆ ಮೊದಲು ಬಲಿಯಾಗುವುದು ಜೋಡಣೆಗಳು. ಅದಕ್ಕೇ ಈ ಬರಹದಲ್ಲಿ ಬ್ಯಾಟರಿಗಿಂತ ಜಾಸ್ತಿ ಜಾಗ ವಯರಿಗೂ ಲಗ್ಗಿಗೂ ಕೊಟ್ಟಿದ್ದೇನೆ.

ನನ್ನ ದೋಣಿಯ ಉದ್ದ 5.8 ಮೀಟರ್. ಐಎಸ್ 710 ಗುರುತಿನ ಮರೈನ್ ಪ್ಲೈವುಡ್, ಎಪಾಕ್ಸಿ ಅಂಟು, ಮೇಲೆ ಗ್ಲಾಸ್ ಫೈಬರ್ ಬಟ್ಟೆ. ಉದ್ಯಾವರ ಹೊಳೆಯಲ್ಲಿ ನಿಲ್ಲುತ್ತದೆ. ಒಳಗೆ ಇಬ್ಬರು ಮಲಗುವಷ್ಟು ಪುಟ್ಟ ಕೋಣೆ. ಇದೇ ಅಳತೆಯ ದೋಣಿ, 12 ವೋಲ್ಟ್ ವ್ಯವಸ್ಥೆ ಎಂದಿಟ್ಟುಕೊಂಡು ಹೇಳುತ್ತೇನೆ.

ಮೊದಲು ಲೆಕ್ಕ

ಅಂಗಡಿಗೆ ಹೋಗುವ ಮೊದಲು ಒಂದು ಹಾಳೆಯಲ್ಲಿ ಬರೆಯಿರಿ. ದೋಣಿಯಲ್ಲಿ ಏನೇನು ಉರಿಯುತ್ತದೆ, ಎಷ್ಟು ಆಂಪಿಯರ್ ಎಳೆಯುತ್ತದೆ, ದಿನಕ್ಕೆ ಎಷ್ಟು ಗಂಟೆ. ಆಂಪಿಯರನ್ನು ಗಂಟೆಯಿಂದ ಗುಣಿಸಿದರೆ ಆಂಪಿಯರ್-ಅವರ್. ಒಂದು ರಾತ್ರಿ ಲಂಗರು ಹಾಕಿ ದೋಣಿಯಲ್ಲೇ ಉಳಿಯುವ ದಿನಕ್ಕೆ ನನ್ನ ಹಾಳೆ ಹೀಗಿದೆ:

ಹಾಯಿಕಂಬದ ತುದಿಯ ಎಲ್‌ಇಡಿ ದೀಪ: 0.2 ಆಂಪಿಯರ್, 11.5 ಗಂಟೆ, 2.3
ಕೋಣೆಯ ದೀಪ: 0.4 ಆಂಪಿಯರ್, 4 ಗಂಟೆ, 1.6
ವಿಎಚ್‌ಎಫ್ ರೇಡಿಯೊ (ಬೋಟುಗಳ ನಡುವೆ ಮಾತಾಡುವ ಸೆಟ್) ಕೇಳುತ್ತಾ ಇಡುವುದು: 0.4 ಆಂಪಿಯರ್, 12 ಗಂಟೆ, 4.8
ಅದರಲ್ಲೇ ಮಾತಾಡುವುದು: 5 ಆಂಪಿಯರ್, ಎಲ್ಲ ಸೇರಿ 6 ನಿಮಿಷ, 0.5
ಜಿಪಿಎಸ್ ಪರದೆ: 0.8 ಆಂಪಿಯರ್, 10 ಗಂಟೆ, 8
ಎರಡು ಮೊಬೈಲ್ ಚಾರ್ಜ್: 3
ಸಣ್ಣ ಫ್ಯಾನ್: 0.5 ಆಂಪಿಯರ್, 8 ಗಂಟೆ, 4
ಬಿಲ್ಜ್ ಪಂಪ್ (ದೋಣಿಯ ತಳದಲ್ಲಿ ಸೇರಿದ ನೀರು ಹೊರಹಾಕುವುದು): 3 ಆಂಪಿಯರ್, 10 ನಿಮಿಷ, 0.5

ಒಟ್ಟು 25ರ ಹತ್ತಿರ. ಏಪ್ರಿಲ್ ರಾತ್ರಿ ಆ ಪುಟ್ಟ ಕೋಣೆಯಲ್ಲಿ ಫ್ಯಾನ್ ಇಲ್ಲದೆ ನಿದ್ದೆ ಬರುವುದಿಲ್ಲ, ಹಾಗಾಗಿ ಅದನ್ನು ಬಿಡಲಿಲ್ಲ. ಫ್ರಿಜ್ ಬೇಡ ಅಂತ ನಿರ್ಧಾರ ಮಾಡಿದೆ. ಮೀನು, ಎಳನೀರು ತಂಪಾಗಿಡಲು ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಧಕ್ಕೆಯ ಐಸ್ ಸಾಕು.

ಬಿಸಿಲಿಲ್ಲದ ಎರಡು ದಿನಕ್ಕೆ 50 ಬೇಕು. ಬ್ಯಾಟರಿಯ ತಳದ 20 ಶೇಕಡಾವನ್ನು ಮುಟ್ಟದೆ ಬಿಡಬೇಕು. ಮೋಟಾರಿಗೆ ಒಂದಷ್ಟು ಉಳಿಯಬೇಕು. ಈ ಲೆಕ್ಕಕ್ಕೆ 100 ಆಂಪಿಯರ್-ಅವರ್ ಸರಿಯಾಗಿ ಕೂರುತ್ತದೆ. ಮೋಟಾರ್ ಇಲ್ಲದೆ ಬರೀ ದೀಪ, ರೇಡಿಯೊ, ಮೊಬೈಲ್ ಅಂತಾದರೆ 50 ಕೂಡ ನಡೆಯುತ್ತದೆ.

ಯಾವ ಬ್ಯಾಟರಿ

ಮನೆಯ ಇನ್ವರ್ಟರಿನ ಹಳೇ ಟ್ಯೂಬ್ಯುಲರ್ ಬ್ಯಾಟರಿ ಹಾಕಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಬೇಡ. 150 ಆಂಪಿಯರ್-ಅವರ್‌ನದ್ದು 50 ಕೆಜಿ ದಾಟುತ್ತದೆ. ಹಾಯಿದೋಣಿ ಓಡುವಾಗ ಒಂದು ಬದಿಗೆ ವಾಲಿಕೊಂಡೇ ಓಡುತ್ತದೆ, ಆಗ ಮುಚ್ಚಳದ ಕಂಡಿಯಿಂದ ಆಸಿಡ್ ಹೊರಗೆ ಬರುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಅದರೊಳಗೆ ಕಡಲ ನೀರು ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಕೋಣೆಯಲ್ಲಿ ಅದು ಜೀವಕ್ಕೇ ಅಪಾಯ. ಸಾಲದ್ದಕ್ಕೆ ಸೀಸದ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಅದರ ಆಯುಸ್ಸು ಬೇಗ ಮುಗಿಯುತ್ತದೆ. ದುಡ್ಡು ಕಡಿಮೆ ಇದ್ದರೆ ಎಜಿಎಂ ಎನ್ನುವ ಪೂರ್ತಿ ಸೀಲ್ ಆದ ಸೀಸದ ಬ್ಯಾಟರಿ ತಗೊಳ್ಳಿ. ಭಾರ ಇರುತ್ತದೆ, ಆದರೆ ಚೆಲ್ಲುವುದಿಲ್ಲ.

ನಾನು ಹಾಕಿದ್ದು ಲಿಥಿಯಂ ಐರನ್ ಫಾಸ್ಫೇಟ್, ಅಂಗಡಿಯವರು ಎಲ್‌ಎಫ್‌ಪಿ ಅನ್ನುತ್ತಾರೆ. 3.2 ವೋಲ್ಟಿನ ನಾಲ್ಕು ಸೆಲ್ ಸಾಲಾಗಿ ಸೇರಿ 12.8 ವೋಲ್ಟ್. 100 ಆಂಪಿಯರ್-ಅವರ್‌ಗೆ 1280 ವಾಟ್-ಅವರ್ ಆಯಿತು. ತೂಕ 11ರಿಂದ 13 ಕೆಜಿ. ಅಡುಗೆ ಸಿಲಿಂಡರಿನೊಳಗೆ ತುಂಬುವ ಗ್ಯಾಸ್ ಮಾತ್ರ 14.2 ಕೆಜಿ ಇರುತ್ತದೆ, ಅದಕ್ಕಿಂತಲೂ ಹಗುರ. ಮೊಬೈಲ್, ಲ್ಯಾಪ್‌ಟಾಪಿನ ಲಿಥಿಯಂ ಬೇರೆ ಜಾತಿ. ಬಿಸಿ ಏರಿದಾಗ ಇದು ಅವುಗಳಿಗಿಂತ ಎಷ್ಟೋ ಶಾಂತವಾಗಿರುತ್ತದೆ. ಹಳೇ ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿ ಪ್ಯಾಕ್ ಕಡಿಮೆಗೆ ಸಿಕ್ಕಿತು ಅಂತ ದೋಣಿಗೆ ತರಬೇಡಿ.

ಇದರ ಒಳಗೆ ಬಿಎಂಎಸ್ ಎನ್ನುವ ಕಾವಲು ಬೋರ್ಡ್ ಇರುತ್ತದೆ. ಯಾವುದೇ ಸೆಲ್ 3.65 ವೋಲ್ಟ್ ದಾಟಿದರೆ ಅಥವಾ 2.5ರ ಹತ್ತಿರ ಇಳಿದರೆ ಅದು ಕರೆಂಟ್ ಕಡಿದುಬಿಡುತ್ತದೆ. ಇಲ್ಲಿ ಒಂದು ಮಾತು ನೆನಪಿಡಿ. ಸೀಸದ ಬ್ಯಾಟರಿ ಮುಗಿಯುವಾಗ ದೀಪ ಮಂಕಾಗಿ ಮುನ್ಸೂಚನೆ ಕೊಡುತ್ತದೆ. ಎಲ್‌ಎಫ್‌ಪಿ ಕೊನೆಯವರೆಗೂ ಒಂದೇ ಸಮ ಉರಿದು ಪಕ್ಕನೆ ಕತ್ತಲೆ ಮಾಡುತ್ತದೆ. 13.0ರಿಂದ 13.3 ವೋಲ್ಟ್ ನಡುವೆಯೇ ಅದರ ಬಹುಪಾಲು ಚಾರ್ಜ್ ಅಡಗಿರುತ್ತದೆ, ಹಾಗಾಗಿ ವೋಲ್ಟ್ ಮೀಟರ್ ನೋಡಿ ಎಷ್ಟು ಉಳಿದಿದೆ ಅಂತ ಹೇಳಲು ಆಗುವುದಿಲ್ಲ. ಶಂಟ್ (ಹರಿಯುವ ಕರೆಂಟ್ ಅಳೆಯಲು ನಡುವೆ ಹಾಕುವ ಲೋಹದ ತುಂಡು) ಇರುವ ಮಾನಿಟರ್ ಹಾಕಿ. ಒಳಗೆ ಹೋದದ್ದು, ಹೊರಗೆ ಬಂದದ್ದು ಎರಡನ್ನೂ ಅದು ಎಣಿಸುತ್ತದೆ. ಎಲ್ಲ ನೆಗೆಟಿವ್ ವಯರುಗಳೂ ಶಂಟ್ ದಾಟಿಯೇ ಬ್ಯಾಟರಿಗೆ ಹೋಗಬೇಕು. ಒಂದನ್ನು ನೇರವಾಗಿ ಬ್ಯಾಟರಿಗೆ ಕೊಟ್ಟರೂ ಲೆಕ್ಕ ತಪ್ಪುತ್ತದೆ.

ಬಿಡಿ ಸೆಲ್ ತಂದು ಪ್ಯಾಕ್ ಕಟ್ಟುವವರಿದ್ದಾರೆ. ಮೊದಲ ಸಲಕ್ಕೆ ಸಿದ್ಧ ಪ್ಯಾಕೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಕಟ್ಟುವುದೇ ಆದರೆ ನಾಲ್ಕೂ ಸೆಲ್‌ಗಳನ್ನು ಮೊದಲು ಸಮಾಂತರವಾಗಿ ಸೇರಿಸಿ 3.65 ವೋಲ್ಟಿಗೆ ಚಾರ್ಜ್ ಮಾಡಿ, ಒಂದೇ ಮಟ್ಟಕ್ಕೆ ತಂದು, ಆಮೇಲೆ ಸಾಲಾಗಿ ಸೇರಿಸಬೇಕು. ಉಂಗುರ, ವಾಚು, ಬಳೆ ಕಳಚಿಡಿ. ಪಾನದ (ಸ್ಪ್ಯಾನರ್) ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿ. ಪಾನ ಜಾರಿ ಎರಡು ಟರ್ಮಿನಲ್ ಮೇಲೆ ಬಿದ್ದರೆ ವೆಲ್ಡಿಂಗ್ ಆದ ಹಾಗೆಯೇ.

ಎಲ್ಲಿ ಕೂರಿಸುವುದು

ತಗ್ಗಿನಲ್ಲಿ, ನಡುಗೆರೆಯ ಮೇಲೆ, ದೋಣಿಯ ಮಧ್ಯಕ್ಕೆ ಹತ್ತಿರ. ಆದರೆ ತಳದ ನೀರಿಗೆ ತಾಗದ ಹಾಗೆ ನಾಲ್ಕು ಬೆರಳು ಎತ್ತರದಲ್ಲಿ. ನಾನು ಪ್ಲೈವುಡ್ಡಿನ ತಟ್ಟೆ ಮಾಡಿ, ಮೂಲೆಗಳಿಗೆ ಎಪಾಕ್ಸಿ ತುಂಬಿ ತಳದ ಅಡ್ಡಪಟ್ಟಿಗೆ ಅಂಟಿಸಿದೆ. ಎರಡು ಬೆಲ್ಟ್, ಒಂದು ಅಡ್ಡ, ಒಂದು ಉದ್ದ. ದೋಣಿ ಮಗುಚಿದರೂ ಬ್ಯಾಟರಿ ಅಲುಗಬಾರದು. ಬೆಲ್ಟ್ ಬಿಗಿದ ಮೇಲೆ ಹಿಡಿಯನ್ನು ಹಿಡಿದು ಎರಡೂ ಕೈಯಲ್ಲಿ ಜಗ್ಗಿ ನೋಡಿ. ದೋಣಿಯೇ ಅಲುಗಬೇಕು, ಬ್ಯಾಟರಿ ಅಲ್ಲ.

ನಮ್ಮಲ್ಲಿ ಚಳಿಯ ಚಿಂತೆ ಇಲ್ಲ, ಬಿಸಿಯದ್ದೇ ಚಿಂತೆ. 45 ಡಿಗ್ರಿ ಮೇಲೆ ಚಾರ್ಜ್ ಮಾಡುತ್ತಾ ಹೋದರೆ ಸೆಲ್ ಬೇಗ ಮುದಿಯಾಗುತ್ತದೆ. ಗಾಢ ಬಣ್ಣದ ಮೇಲ್ಛಾವಣಿಯ ಅಡಿಗೆ ಇಡಬೇಡಿ. ನೀರಿನ ಮಟ್ಟಕ್ಕಿಂತ ಕೆಳಗೆ ಹಲಗೆ ಯಾವಾಗಲೂ ತಂಪಾಗಿರುತ್ತದೆ, ಆ ಜಾಗ ಸರಿ. ದಿಕ್ಸೂಚಿಯಿಂದ ದೂರ ಇರಲಿ. ದಿಕ್ಸೂಚಿಯ ಬಳಿ ಹೋಗುವ ಪಾಸಿಟಿವ್, ನೆಗೆಟಿವ್ ವಯರುಗಳನ್ನು ಒಂದಕ್ಕೊಂದು ಹೆಣೆದು ಎಳೆಯಿರಿ, ಆಗ ಮುಳ್ಳು ತಪ್ಪು ತೋರಿಸುವುದಿಲ್ಲ.

ಫ್ಯೂಸ್, ಸ್ವಿಚ್, ಬಸ್‌ಬಾರ್

ಬ್ಯಾಟರಿಯ ಪಾಸಿಟಿವ್ ಟರ್ಮಿನಲ್‌ನಿಂದ ಮುಖ್ಯ ಫ್ಯೂಸಿಗೆ ಇರುವ ದೂರ ಒಂದು ಗೇಣು ದಾಟಬಾರದು. ದೋಣಿ ಕಟ್ಟುವವರ ಅಮೆರಿಕದ ನಿಯಮದಲ್ಲಿ 18 ಸೆಂಟಿಮೀಟರ್ ಅಂತ ಇದೆ. ಕಾರಣ ಸರಳ. ಫ್ಯೂಸ್ ಕಾಯುವುದು ವಯರನ್ನು. ಬ್ಯಾಟರಿಗೂ ಫ್ಯೂಸಿಗೂ ನಡುವೆ ಇರುವ ತುಂಡಿಗೆ ಯಾವ ಕಾವಲೂ ಇಲ್ಲ, ಹಾಗಾಗಿ ಆ ತುಂಡು ಆದಷ್ಟು ಚಿಕ್ಕದಿರಬೇಕು.

ಎಲ್‌ಎಫ್‌ಪಿ ಶಾರ್ಟ್ ಆದರೆ ಸಾವಿರಾರು ಆಂಪಿಯರ್ ಹರಿಯಬಹುದು. ಕಾರಿನ ಬ್ಲೇಡ್ ಫ್ಯೂಸ್ ಕಡಿಯಬಲ್ಲದ್ದು 1000 ಆಂಪಿಯರ್ ತನಕ. ಅದಕ್ಕಿಂತ ಜಾಸ್ತಿಯಾದರೆ ಒಳಗಿನ ಎಳೆ ಕರಗಿದರೂ ಕಿಡಿ ದಾಟಿ ಹರಿಯುತ್ತಲೇ ಇರುತ್ತದೆ. ಹಾಗಾಗಿ ಮುಖ್ಯ ಜಾಗಕ್ಕೆ ಕ್ಲಾಸ್ ಟಿ ಫ್ಯೂಸ್ ಹಾಕಿ, ಅದು 20,000 ಆಂಪಿಯರ್ ತನಕ ಕಡಿಯುತ್ತದೆ. ನನ್ನದು 100 ಆಂಪಿಯರಿನದ್ದು, ಮುಖ್ಯ ವಯರ್ 25 ಸ್ಕ್ವೇರ್ ಎಂಎಂ. ಇದಕ್ಕೆ ಕೊಡುವ ದುಡ್ಡಿನಲ್ಲಿ ಚೌಕಾಸಿ ಬೇಡ. ಒಂದು ಬಿಡಿ ಫ್ಯೂಸ್ ದೋಣಿಯಲ್ಲೇ ಇರಲಿ.

ಫ್ಯೂಸ್ ಆದ ಮೇಲೆ ಮುಖ್ಯ ಸ್ವಿಚ್. ಚುಕ್ಕಾಣಿ ಹಿಡಿದು ಕೂತಲ್ಲಿಂದ ಕೈಗೆ ಎಟುಕಬೇಕು. ಸ್ವಿಚ್ಚಿನಿಂದ ಪಾಸಿಟಿವ್ ಬಸ್‌ಬಾರ್ (ಹಲವು ವಯರು ಸೇರುವ ಲೋಹದ ಪಟ್ಟಿ), ಅಲ್ಲಿಂದ ಒಂದೊಂದು ದಾರಿಗೂ ಬೇರೆ ಫ್ಯೂಸ್: ದೀಪಕ್ಕೆ 3, ರೇಡಿಯೊಗೆ 10, ಮೊಬೈಲ್ ಪಾಯಿಂಟಿಗೆ 5, ಫ್ಯಾನಿಗೆ 3. ಈ ಸಣ್ಣ ದಾರಿಗಳಿಗೆ ಬ್ಲೇಡ್ ಫ್ಯೂಸ್ ಸಾಕು, ಯಾಕೆಂದರೆ ಹಿಂದೆ ಕ್ಲಾಸ್ ಟಿ ಕಾಯುತ್ತಿದೆ. ನೆಗೆಟಿವ್‌ಗೂ ಒಂದು ಬಸ್‌ಬಾರ್, ಅಲ್ಲಿಂದ ಶಂಟ್, ಶಂಟ್‌ನಿಂದ ಬ್ಯಾಟರಿ.

ಒಂದು ಬೋಲ್ಟಿಗೆ ನಾಲ್ಕಕ್ಕಿಂತ ಜಾಸ್ತಿ ಲಗ್ ಬೇಡ. ದೊಡ್ಡದು ಕೆಳಗೆ, ಸಣ್ಣದು ಮೇಲೆ. ಲಗ್ಗಿನ ತಾಮ್ರ ನೇರವಾಗಿ ಟರ್ಮಿನಲ್ಲಿಗೆ ತಾಗಬೇಕು, ನಡುವೆ ವಾಷರ್ ಸೇರಿಸಬೇಡಿ. ವಾಷರ್ ಮೇಲ್ಗಡೆ ಇರಲಿ.

ವಯರ್ ಮತ್ತು ಲಗ್

ಮನೆ ವಯರಿಂಗಿನ ವಯರನ್ನು ದೋಣಿಗೆ ಹಾಕಬೇಡಿ. ಅದರೊಳಗೆ ಬರೀ ತಾಮ್ರ ಇರುತ್ತದೆ. ಉಪ್ಪಿನ ತೇವ ತುದಿಯಿಂದ ಒಳಗೆ ನುಗ್ಗಿ, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಎಳೆಗಳ ನಡುವೆ ಏರುತ್ತಾ ಹೋಗುತ್ತದೆ. ನಾನು ಎರಡು ಗೇಣು ಸೀಳಿದರೂ ಕಪ್ಪು ಕಂಡದ್ದು ಇದರಿಂದಲೇ.

ನಮಗೆ ಬೇಕಾದದ್ದು ಕಲಾಯಿ ಹಾಕಿದ ತಾಮ್ರ. ಅಜ್ಜಿಯ ಕಾಲದಲ್ಲಿ ತಾಮ್ರ, ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದರಲ್ವಾ, ಅದೇ ತವರದ ಲೇಪ, ಇಲ್ಲಿ ಒಂದೊಂದು ಎಳೆಗೂ. ಅಂಗಡಿಯಲ್ಲಿ ಟಿನ್ಡ್ ಮರೈನ್ ವಯರ್ ಅಂತ ಕೇಳಿ. ಮಾತಿಗೆ ನಂಬಿ ತರಬೇಡಿ. ತುದಿ ಸುಲಿದು ನೋಡಿ. ಎಳೆಗಳು ಬೆಳ್ಳಿಯ ಹಾಗೆ ಬಿಳಿಯಾಗಿ, ಕೂದಲಿನಂತೆ ತೆಳ್ಳಗೆ ಇರಬೇಕು. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದರೆ ಮಾತ್ರ ಒಳಗಿನ ಕೆಂಪು ತಾಮ್ರ ಕಾಣಬೇಕು. ಎಳೆ ದಪ್ಪ ಇದ್ದು ಸಂಖ್ಯೆ ಕಡಿಮೆ ಇದ್ದರೆ ಅಲೆಯ ಕುಲುಕಾಟಕ್ಕೆ ಮುರಿಯುತ್ತದೆ. ಪಾಸಿಟಿವ್‌ಗೆ ಕೆಂಪು, ನೆಗೆಟಿವ್‌ಗೆ ಹಳದಿ ಇಟ್ಟುಕೊಳ್ಳಿ. ಕಪ್ಪು ನಮ್ಮ ಮನೆ ವಯರಿಂಗಿನಲ್ಲೂ ಇರುತ್ತದೆ, ಧಕ್ಕೆಯಲ್ಲಿ 230 ವೋಲ್ಟ್ ಚಾರ್ಜರ್ ತಂದು ಸಿಕ್ಕಿಸುವ ದಿನ ಗೊಂದಲ ಆಗಬಾರದು.

ದಪ್ಪ ಎಷ್ಟು ಬೇಕು? ಸೂತ್ರ ಇದು: 0.0175 ಅನ್ನು ಹೋಗಿ ಬರುವ ಒಟ್ಟು ಮೀಟರಿನಿಂದ, ಆಂಪಿಯರಿನಿಂದ ಗುಣಿಸಿ, ವಯರಿನ ಸ್ಕ್ವೇರ್ ಎಂಎಂನಿಂದ ಭಾಗಿಸಿ. ಬಂದದ್ದು ದಾರಿಯಲ್ಲಿ ಕಳೆಯುವ ವೋಲ್ಟ್. ಒಂದು ಉದಾಹರಣೆ. ಬ್ಯಾಟರಿಯಿಂದ 5 ಮೀಟರ್ ದೂರಕ್ಕೆ 4 ಆಂಪಿಯರ್ ಬೇಕು. ಹೋಗಿ ಬರುವಾಗ 10 ಮೀಟರ್. ಎರಡೂವರೆ ಸ್ಕ್ವೇರ್ ವಯರಿನಲ್ಲಿ 0.28 ವೋಲ್ಟ್ ಕಳೆಯುತ್ತದೆ, ಅಂದರೆ ಶೇಕಡಾ ಎರಡೂ ಕಾಲು. ಒಂದೂವರೆಯಲ್ಲಿ 0.47 ವೋಲ್ಟ್, ಶೇಕಡಾ ನಾಲ್ಕರ ಹತ್ತಿರ. ರಾತ್ರಿ ಬೇರೆ ಬೋಟಿನವರಿಗೆ ಕಾಣಲು ಉರಿಸುವ ದೀಪ, ರೇಡಿಯೊ, ಪಂಪಿಗೆ ಶೇಕಡಾ 3 ದಾಟಬಾರದು. ಫ್ಯಾನ್, ಕೋಣೆಯ ದೀಪಕ್ಕೆ 10 ತನಕ ನಡೆಯುತ್ತದೆ. ಹೋಗುವ ದೂರ ಮಾತ್ರ ಲೆಕ್ಕಕ್ಕೆ ಹಿಡಿದು ವಾಪಸ್ ಬರುವುದನ್ನು ಮರೆಯುವವರು ಜಾಸ್ತಿ.

ಈಗ ಲಗ್. ಮಲ್ಪೆಯಲ್ಲಿ ಬೋಟುಗಳ ವಯರಿಂಗ್ ಮಾಡುವ ಹಿರಿಯರೊಬ್ಬರಿಗೆ ನನ್ನ ಸುಟ್ಟ ಲಗ್ ತೋರಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಮಾರಾಯ್ರೆ, ಇದರೊಳಗೆ ಗಾಳಿ ಓಡಾಡ್ತದೆ ನೋಡಿ. ಗಾಳಿ ಓಡಾಡಿದಲ್ಲಿ ಕಡಲೂ ಓಡಾಡ್ತದೆ" ಅಂದರು. ಅವರು ಮಾಡಿ ತೋರಿಸಿದ ಕ್ರಮವನ್ನೇ ಇವತ್ತಿಗೂ ಪಾಲಿಸುತ್ತೇನೆ.

ವಯರಿನ ಸಿಪ್ಪೆಯನ್ನು ಲಗ್ಗಿನ ಕೊಳವೆಯ ಆಳಕ್ಕಿಂತ ಒಂದೆರಡು ಎಂಎಂ ಜಾಸ್ತಿ ಸುಲಿಯಿರಿ. ಒಂದು ಎಳೆಯೂ ತುಂಡಾಗಬಾರದು. ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್ ಕೊಳವೆ) ತುಂಡನ್ನು ಮೊದಲೇ ವಯರಿಗೆ ಪೋಣಿಸಿ. ಕಲಾಯಿ ಹಾಕಿದ, ವಯರಿನ ಅಳತೆಗೆ ಸರಿಯಾದ ಲಗ್ ತಗೊಳ್ಳಿ. ಸಡಿಲ ಲಗ್ಗಿಗೆ ಎಳೆ ಮಡಿಸಿ ತುಂಬುವುದು ಬೇಡ. ಷಟ್ಕೋನ ಅಚ್ಚಿರುವ ಕ್ರಿಂಪಿಂಗ್ ಉಪಕರಣದಿಂದ ಒತ್ತಿ. ಸುತ್ತಿಗೆ, ವೈಸ್, ಕಟಿಂಗ್ ಪ್ಲೇಯರ್ ಯಾವುದೂ ಅಲ್ಲ. ಸರಿಯಾಗಿ ಒತ್ತಿದ ಲಗ್ಗನ್ನು ನಡುವೆ ಗರಗಸದಿಂದ ಕೊಯ್ದು ನೋಡಿದರೆ ಎಳೆಗಳ ನಡುವೆ ಸಂದು ಕಾಣುವುದಿಲ್ಲ, ಒಂದೇ ಗಟ್ಟಿ ಲೋಹದ ಹಾಗೆ ಕಾಣುತ್ತದೆ. ಉಪಕರಣ ತಂದ ದಿನ ಒಂದು ಲಗ್ಗನ್ನು ಬಲಿ ಕೊಟ್ಟು ಹೀಗೆ ಕೊಯ್ದು ನೋಡಿ.

ಒತ್ತಿದ ಮೇಲೆ ಮೈಭಾರ ಹಾಕಿ ಎಳೆಯಿರಿ. ಬಿಟ್ಟು ಬಂದರೆ ಈಗಲೇ ಬರಲಿ. ಆಮೇಲೆ ಶ್ರಿಂಕನ್ನು ಲಗ್ಗಿನ ಕೊಳವೆಯ ಮೇಲೂ ವಯರಿನ ಮೇಲೂ ಸಮವಾಗಿ ಸರಿಸಿ ಬಿಸಿ ಮಾಡಿ. ಎರಡೂ ತುದಿಯಿಂದ ಅಂಟು ಮಣಿಯಂತೆ ಹೊರಗೆ ಇಣುಕಬೇಕು. ಆ ಅಂಟು ಕಾಣದಿದ್ದರೆ ಮುಚ್ಚಿಲ್ಲ ಎಂದೇ ಅರ್ಥ. ಬರೀ ಬೆಸುಗೆ ಸಾಲದು. ಬೆಸುಗೆ ಎಳೆಗಳೊಳಗೆ ಏರಿ ವಯರನ್ನು ಕಡ್ಡಿ ಮಾಡುತ್ತದೆ, ಆ ಕಡ್ಡಿ ಮುಗಿಯುವಲ್ಲಿ ಕುಲುಕಿ ಕುಲುಕಿ ಮುರಿಯುತ್ತದೆ. ಸುತ್ತಿ ಟೇಪ್ ಹಾಕುವುದಂತೂ ಬೇಡವೇ ಬೇಡ. ನಮ್ಮ ಸೆಕೆಗೆ ಟೇಪಿನ ಅಂಟು ಜಾರಿ ಅದು ತಾನಾಗೇ ಬಿಚ್ಚಿಕೊಳ್ಳುತ್ತದೆ.

ವಯರ್ ಯಾವುದೇ ಜೋಡಣೆಗೆ ಬರುವ ಮೊದಲು ಸ್ವಲ್ಪ ಕೆಳಗೆ ಜೋತು, ಆಮೇಲೆ ಮೇಲೇರಿ ಬರಬೇಕು. ಅಂಗಳದ ಬಟ್ಟೆ ಹಗ್ಗದಲ್ಲಿ ಮಳೆನೀರು ತಗ್ಗಿದ ಕಡೆಯಿಂದ ತೊಟ್ಟಿಕ್ಕುತ್ತದಲ್ಲ, ಹಾಗೆ ನೀರು ಅಲ್ಲೇ ಕೆಳಗೆ ಬೀಳುತ್ತದೆ, ಜೋಡಣೆಗೆ ಹೋಗುವುದಿಲ್ಲ. ಪ್ರತಿ ಒಂದೂವರೆ ಗೇಣಿಗೆ ಒಂದು ಕ್ಲಿಪ್. ಎರಡೂ ತುದಿಗೆ ಹೆಸರು ಬರೆದ ಚೀಟಿ, ಮೇಲೆ ಪಾರದರ್ಶಕ ಶ್ರಿಂಕ್. ಕಣ್ಣಿಗೆ ಕಾಣದ, ಕೈ ಹೋಗದ ಮೂಲೆಯಲ್ಲಿ ಜೋಡಣೆ ಮಾಡಬೇಡಿ. ನನ್ನ ದೋಣಿಯಲ್ಲಿ ಮೊದಲು 41 ಜೋಡಣೆ ಇತ್ತು. ದಾರಿ ಬದಲಿಸಿ ಮರುವಯರಿಂಗ್ ಮಾಡಿದ ಮೇಲೆ 26.

ಬಿಲ್ಜ್ ಪಂಪ್

ಇದೊಂದೇ ದಾರಿ ಮುಖ್ಯ ಸ್ವಿಚ್ಚಿನ ಮೂಲಕ ಹೋಗದೆ ಹೊರಗಿನಿಂದ ಹೋಗಬೇಕು. ಸ್ವಿಚ್ ಆಫ್ ಮಾಡಿ ಮನೆಗೆ ಹೋದ ರಾತ್ರಿ ಮಳೆ ಬಂದರೂ ಪಂಪ್ ತಾನಾಗೇ ಏಳಬೇಕಲ್ವಾ? ಮುಖ್ಯ ಫ್ಯೂಸ್ ಆದ ಕೂಡಲೇ, ಸ್ವಿಚ್ಚಿಗೆ ಮೊದಲು, ಪಂಪಿನ ಹೊದಿಕೆಯ ಮೇಲೆ ಬರೆದ ಅಳತೆಯ ಫ್ಯೂಸ್ ಹಾಕಿ ಫ್ಲೋಟ್ ಸ್ವಿಚ್ಚಿಗೆ (ನೀರು ಏರಿದಾಗ ತೇಲಿ ತಾನಾಗೇ ಆನ್ ಆಗುವುದು) ಕೊಡಿ. ಪಂಪಿನ ಜೊತೆ ಬರುವ ವಯರ್ ಗಿಡ್ಡ ಇರುತ್ತದೆ. ಅದರ ಜೋಡಣೆಯನ್ನು ತಳದಲ್ಲೇ ಮಾಡಬೇಡಿ, ನೀರು ಎಷ್ಟು ಏರಿದರೂ ಮುಟ್ಟದಷ್ಟು ಮೇಲಕ್ಕೆ ಎಳೆದು ಮಾಡಿ. ಒಂದು ಬಕೆಟ್ ಮತ್ತು ಕೈಪಂಪ್ ದೋಣಿಯಲ್ಲೇ ಇರಲಿ. ಬಿಎಂಎಸ್ ಕಡಿದರೆ ಈ ಪಂಪೂ ನಿಲ್ಲುತ್ತದೆ.

ದೀಪಗಳು

ಸಮುದ್ರದ ದಾರಿಯ 1972ರ ಅಂತಾರಾಷ್ಟ್ರೀಯ ನಿಯಮಗಳ ಪ್ರಕಾರ 7 ಮೀಟರಿಗಿಂತ ಚಿಕ್ಕ ಹಾಯಿದೋಣಿಗೆ ಸಾಧ್ಯವಾದರೆ ಕೆಂಪು, ಹಸಿರು, ಹಿಂಬದಿಯ ಬಿಳಿ ದೀಪ ಇರಬೇಕು. ಆಗದಿದ್ದರೆ ಒಂದು ಟಾರ್ಚ್ ಸಿದ್ಧ ಇಟ್ಟುಕೊಂಡು ಹೊತ್ತಿಗೆ ಸರಿಯಾಗಿ ತೋರಿಸಬೇಕು. ಬೆಳಗಿನ ಜಾವ ಮೀನುಗಾರಿಕಾ ಬೋಟುಗಳು ಸಾಲಾಗಿ ಹೊರಡುವ ನಮ್ಮ ಅಳಿವೆಗಳಲ್ಲಿ ಟಾರ್ಚ್ ನಂಬಿ ಕೂರುವುದು ನನಗೆ ಒಪ್ಪಿಗೆ ಇಲ್ಲ. ಮೂರೂ ಬಣ್ಣ ಸೇರಿದ ಒಂದೇ ದೀಪವನ್ನು ಕಂಬದ ತುದಿಗೆ ಹಾಕಿದರೆ ದೂರಕ್ಕೆ ಕಾಣುತ್ತದೆ, ಕರೆಂಟೂ ಕಡಿಮೆ.

ಒಂದು ವಿಷಯ ಎಲ್ಲರೂ ಮರೆಯುತ್ತಾರೆ. ಮೋಟಾರ್ ಚಾಲೂ ಮಾಡಿದ ಕ್ಷಣ, ಹಾಯಿ ಮೇಲಿದ್ದರೂ, ನೀವು ನಿಯಮದ ಕಣ್ಣಿಗೆ ಯಂತ್ರದ ದೋಣಿ. ಆಗ ಆ ಮೂರು ಬಣ್ಣದ ದೀಪ ಆರಿಸಿ, ಸುತ್ತಲೂ ಕಾಣುವ ಬಿಳಿ ದೀಪವನ್ನೂ ಕೆಳಗಿನ ಕೆಂಪು-ಹಸಿರು ದೀಪವನ್ನೂ ಉರಿಸಬೇಕು. ಅದೇ ಬಿಳಿ ದೀಪ ಲಂಗರು ಹಾಕಿದಾಗಲೂ ಬೇಕು. ಹಾಗಾಗಿ ಪ್ಯಾನೆಲ್‌ನಲ್ಲಿ ಮೂರು ಸ್ವಿಚ್ ಇಡಿ: ಹಾಯಿ, ಮೋಟಾರ್, ಲಂಗರು. ಕಂಬದ ವಯರಿಗೆ ಡೆಕ್ಕಿನ ಮೇಲೆ ಪ್ಲಗ್ ಹಾಕಬೇಡಿ. ಗ್ಲ್ಯಾಂಡ್ (ವಯರಿನ ಸುತ್ತ ನೀರು ಇಳಿಯದ ಹಾಗೆ ಬಿಗಿಯುವ ಬಿರಡೆ) ಮೂಲಕ ಒಳಗಿಳಿಸಿ, ಕೋಣೆಯೊಳಗೆ ಒಣಗಿದ ಜಾಗದಲ್ಲಿ ಜೋಡಿಸಿ. ವಿಎಚ್‌ಎಫ್ ರೇಡಿಯೊಗೆ ಲೈಸೆನ್ಸ್ ಮಾಡಿಸಿಕೊಳ್ಳಿ. ದೋಣಿಯ ಬ್ಯಾಟರಿಗೆ ಸಂಬಂಧವಿಲ್ಲದ ಒಂದು ಟಾರ್ಚ್ ಬೇರೆಯೇ ಇರಲಿ.

ಸೋಲಾರ್

100 ವಾಟಿನ ಒಂದು ಪ್ಯಾನೆಲ್, ಅದರ ಕರೆಂಟನ್ನು ಬ್ಯಾಟರಿಗೆ ಹೊಂದಿಸಿ ಕೊಡುವ ಒಂದು ಎಂಪಿಪಿಟಿ ಕಂಟ್ರೋಲರ್. ಹಾಯಿಯ ನೆರಳು, ಕಂಬದ ಹಗ್ಗದ ನೆರಳು, ಸಮತಟ್ಟಾಗಿ ಮಲಗಿಸಿದ್ದು ಎಲ್ಲ ಸೇರಿ, ಡಿಸೆಂಬರಿನಿಂದ ಮೇ ತನಕ ದಿನಕ್ಕೆ 250ರಿಂದ 350 ವಾಟ್-ಅವರ್ ಅಂತ ಲೆಕ್ಕ ಹಿಡಿಯಿರಿ. ಅಂದರೆ 20ರಿಂದ 27 ಆಂಪಿಯರ್-ಅವರ್. ಮೇಲಿನ ಹಾಳೆಯ 25ಕ್ಕೆ ಸರಿಹೋಯಿತು.

ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್. ಸೆಟ್ಟಿಂಗ್‌ನಲ್ಲಿ ಪೂರ್ತಿ ಚಾರ್ಜ್ 14.2ರಿಂದ 14.4, ಫ್ಲೋಟ್ (ತುಂಬಿದ ಮೇಲೆ ಹಿಡಿದಿಡುವ ವೋಲ್ಟ್) 13.5. ಈಕ್ವಲೈಸ್ ಆಫ್. ಉಷ್ಣತೆಗೆ ತಕ್ಕಂತೆ ವೋಲ್ಟ್ ಬದಲಿಸುವುದೂ ಆಫ್, ಅವೆರಡೂ ಸೀಸದ ಬ್ಯಾಟರಿಗೆ ಮಾತ್ರ. ಇದೇ ಕಾರಣಕ್ಕೆ ಮನೆಯ ಇನ್ವರ್ಟರಿಗೆ ಕಟ್ಟಿ ಚಾರ್ಜ್ ಮಾಡಬೇಡಿ. 14.6 ವೋಲ್ಟಿನ ಎಲ್‌ಎಫ್‌ಪಿ ಚಾರ್ಜರ್ ತಗೊಳ್ಳಿ. 10 ಆಂಪಿಯರಿನದ್ದಾದರೆ ಪೂರ್ತಿ ಖಾಲಿಯಾದದ್ದು ಹತ್ತು ಗಂಟೆಯಲ್ಲಿ ತುಂಬುತ್ತದೆ.

ಮೋಟಾರ್

55 ಪೌಂಡ್ ನೂಕುಬಲದ 12 ವೋಲ್ಟ್ ಮೋಟಾರ್ ಪೂರ್ತಿ ತಿರುಗಿಸಿದರೆ 50 ಆಂಪಿಯರ್ ಎಳೆಯುತ್ತದೆ. ಬಳಸಬಹುದಾದ 80ರಲ್ಲಿ ಮೇಲಿನ ಹಾಳೆಯ ಒಂದು ದಿನದ 25 ಕಳೆದರೆ ಉಳಿಯುವುದು 55. ಪೂರ್ತಿ ವೇಗದಲ್ಲಿ ಒಂದು ಗಂಟೆ ಚಿಲ್ಲರೆ. ನಿಧಾನಕ್ಕೆ 15 ಆಂಪಿಯರಿನಲ್ಲಿ ಹೋದರೆ ಮೂರೂವರೆ ಗಂಟೆ. ವೇಗ ಸ್ವಲ್ಪ ಏರಿಸಿದರೂ ಬೇಕಾಗುವ ಶಕ್ತಿ ಬಹಳ ಏರುತ್ತದೆ, ನೀರಿನ ಸ್ವಭಾವವೇ ಹಾಗೆ. ಅಳಿವೆಯಲ್ಲಿ ಇಳಿತದ ಎದುರು ಹೋಗುವ ಹಟ ಬೇಡ. ಉಬ್ಬರದ ಪಟ್ಟಿ ನೋಡಿ, ನೀರು ಒಳಗೆ ಬರುವಾಗ ಅದರ ಜೊತೆ ಬನ್ನಿ.

ಬ್ಯಾಟರಿಯಿಂದ ಮೋಟಾರಿಗೆ 3 ಮೀಟರ್ ಇದ್ದರೆ 16 ಸ್ಕ್ವೇರ್ ವಯರ್, 60 ಆಂಪಿಯರ್ ಡಿಸಿ ಬ್ರೇಕರ್. ಮನೆಯ ಎಸಿ ಎಂಸಿಬಿ ಇಲ್ಲಿ ಹಾಕಬಾರದು, ಡಿಸಿಯ ಕಿಡಿ ಅದರಲ್ಲಿ ಆರುವುದಿಲ್ಲ. ಕಡಲಿನಲ್ಲೇ ಇರುವ ದೋಣಿಯ ಮೋಟಾರಿಗೆ ಸತುವಿನ ಆನೋಡ್ (ಮೋಟಾರಿನ ಬದಲು ತಾನೇ ಸವೆಯುವ ಲೋಹದ ತುಂಡು). ನಮ್ಮ ಹೊಳೆಯ ಸಪ್ಪೆ-ಉಪ್ಪು ಬೆರೆತ ನೀರಿಗೆ ಅಲ್ಯೂಮಿನಿಯಂ ಆನೋಡ್ ಸರಿ.

ಮೊದಲ ಸಲ ಕರೆಂಟ್ ಕೊಡುವಾಗ

ಎಲ್ಲ ಸ್ವಿಚ್ ಆಫ್. ಬ್ಯಾಟರಿ ಸೇರಿಸುವ ಮೊದಲು ಎರಡು ಬಸ್‌ಬಾರಿನ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಬೀಪ್ ಬರಬಾರದು. ಆಮೇಲೆ ಮುಖ್ಯ ಫ್ಯೂಸಿನ ಜಾಗದಲ್ಲಿ ಕಾರಿನ 21 ವಾಟ್ ಬಲ್ಬ್ ಒಂದನ್ನು ವಯರಿನಲ್ಲಿ ಸೇರಿಸಿ. ಎಲ್ಲಾದರೂ ಶಾರ್ಟ್ ಇದ್ದರೆ ಆ ಬಲ್ಬ್ ಪೂರ್ತಿ ಉರಿಯುತ್ತದೆ, ಅಷ್ಟೇ. ಏನೂ ಸುಡುವುದಿಲ್ಲ. ಬಲ್ಬ್ ಉರಿಯದಿದ್ದರೆ ಫ್ಯೂಸ್ ಹಾಕಿ, ಒಂದೊಂದೇ ಸ್ವಿಚ್ ಏರಿಸಿ, ಡಿಸಿ ಕ್ಲಾಂಪ್ ಮೀಟರಿನಲ್ಲಿ ಆಂಪಿಯರ್ ನೋಡಿ ಹಾಳೆಗೆ ತಾಳೆ ಮಾಡಿ.

ನಂತರದ್ದೇ ಮುಖ್ಯ ಪರೀಕ್ಷೆ. ದೋಣಿಯನ್ನು ನೀರಿನಲ್ಲಿ ಕಂಬಕ್ಕೆ ಬಿಗಿಯಾಗಿ ಕಟ್ಟಿ ಮೋಟಾರನ್ನು ಪೂರ್ತಿ ತಿರುಗಿಸಿ, 15 ನಿಮಿಷ. ಓಡುತ್ತಿರುವಾಗಲೇ ಮಲ್ಟಿಮೀಟರನ್ನು ಮಿಲಿವೋಲ್ಟಿಗೆ ಇಟ್ಟು, ಒಂದು ಮುಳ್ಳನ್ನು ಟರ್ಮಿನಲ್ ಬೋಲ್ಟಿಗೂ ಇನ್ನೊಂದನ್ನು ಲಗ್ಗಿಗೂ ತಾಗಿಸಿ. ಹತ್ತರ ಒಳಗಿದ್ದರೆ ಬಹಳ ಒಳ್ಳೆಯದು. 25 ಅಂದರೆ ಅಲ್ಲಿ ಒಂದೂ ಕಾಲು ವಾಟ್ ಬಿಸಿ ಹುಟ್ಟುತ್ತಿದೆ. 50 ದಾಟಿದರೆ ಕತ್ತರಿಸಿ ಹೊಸದಾಗಿ ಮಾಡಿ. ಕ್ರಿಂಪಿನ (ಲಗ್ಗಿಗೆ ವಯರ್ ಒತ್ತಿ ಕೂರಿಸಿದ ಜಾಗದ) ಒಳಗನ್ನು ನೋಡಬೇಕಿದ್ದರೆ, ಶ್ರಿಂಕ್ ಹಾಕುವ ಮೊದಲೇ ಬ್ಯಾಟರಿಯ ಬಳಿ ತಾತ್ಕಾಲಿಕವಾಗಿ ಜೋಡಿಸಿ ಇದೇ ಅಳತೆ ಮಾಡಿಕೊಳ್ಳಬಹುದು. ನನ್ನ ಸುಟ್ಟ ಲಗ್ಗಿಗೆ ಈ ಪರೀಕ್ಷೆ ಮಾಡಿದ್ದರೆ ಕಡಲಿಗೆ ಹೋಗುವ ಮೊದಲೇ ಸಿಕ್ಕಿಬೀಳುತ್ತಿತ್ತು.

ಮಳೆಗಾಲ

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆಗ ನಾನೂ ದೋಣಿಯನ್ನು ಅಂಗಳಕ್ಕೆ ತಂದು ಮಗುಚಿ ಮುಚ್ಚುತ್ತೇನೆ. ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ, ಎಲ್ಲ ವಯರ್ ಬಿಚ್ಚಿ, ಮನೆಯೊಳಗೆ ಒಣಗಿದ ಜಾಗದಲ್ಲಿ ಇಡಬೇಕು. ಪೂರ್ತಿ ತುಂಬಿಸಿ ಇಡುವುದು ಅದಕ್ಕೆ ಒಳ್ಳೆಯದಲ್ಲ. ಸುಮ್ನೆ ಇದ್ದರೆ ತಿಂಗಳಿಗೆ ಎರಡು ಮೂರು ಶೇಕಡಾ ಇಳಿಯುತ್ತದೆ, ಅಷ್ಟೇ. ಬಸ್‌ಬಾರನ್ನು ಸಿಹಿನೀರಿನ ಬಟ್ಟೆಯಿಂದ ಒರೆಸಿ, ಒಣಗಿಸಿ, ಬೋಲ್ಟ್ ಬಿಗಿದ ಮೇಲೆ ಹೊರಗಿನಿಂದ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ.

ನೂಲ ಹುಣ್ಣಿಮೆಯ ಹೊತ್ತಿಗೆ ಕರಾವಳಿಯಲ್ಲಿ ಸಮುದ್ರ ಪೂಜೆ ನಡೆಯುತ್ತದೆ. ಆ ವಾರ ನಾನು ಬ್ಯಾಟರಿ ಹೊರಗೆ ತರುತ್ತೇನೆ. 26 ಜೋಡಣೆಗೂ ಪಾನ ಹಿಡಿದು, ಒಂದೊಂದರ ಮಿಲಿವೋಲ್ಟನ್ನು ಕಳೆದ ವರ್ಷದ ಪುಸ್ತಕದ ಅಂಕಿಯ ಪಕ್ಕದಲ್ಲಿ ಬರೆಯುತ್ತೇನೆ. ಏರಿದ್ದು ಯಾವುದು ಅಂತ ಅಲ್ಲೇ ಗೊತ್ತಾಗುತ್ತದೆ. ಕೊನೆಗೆ ತಳಕ್ಕೆ ಒಂದು ಬಕೆಟ್ ನೀರು ಹೊಯ್ದು, ಫ್ಲೋಟ್ ತಾನಾಗೇ ಏಳುವ ತನಕ ಕಾಯುತ್ತೇನೆ. ಪಂಪ್ ಗುರ್ರೆಂದು ಶುರುವಾಗಿ ಬದಿಯ ಕೊಳವೆಯಿಂದ ನೀರು ಹೊರಗೆ ಚಿಮ್ಮಿದ ಮೇಲೆಯೇ ದೋಣಿಯನ್ನು ಹೊಳೆಗೆ ಇಳಿಸುವುದು.